ಇಂಧನ ಹೂಡಿಕೆ: ನಾನು ಮೊದಲು ತೆಗೆಯುವುದು ಆಮದು ಪಟ್ಟಿ

ದೇಶವೊಂದಕ್ಕೆ ಇಂಧನ ಸ್ವಾವಲಂಬನೆ ತರುವ ಯೋಜನೆಗಳಲ್ಲಿ ಹಣ ಹಾಕುವಾಗ ನಾನು ಮೊದಲಿಗೇ ಕಂಪನಿಯ ಲಾಭ-ನಷ್ಟದ ಲೆಕ್ಕ ನೋಡುವುದಿಲ್ಲ. ಆ ದೇಶದ ಆಮದು ಪಟ್ಟಿ ತೆಗೆಯುತ್ತೇನೆ. ಹೊರಗಿನಿಂದ ಏನು ಬರುತ್ತಿದೆ, ಅದು ಎಲ್ಲಿ ಉರಿಯುತ್ತಿದೆ ಎಂದು ಗೊತ್ತಾದ ಮೇಲೆ ಉಳಿದದ್ದು.

ಸೋಲಾರ್ ಅಂದ ಕೂಡಲೇ ಸ್ವಾವಲಂಬನೆ ಬಂದೇಬಿಟ್ಟಿತು ಅನ್ನುವವರು ಜಾಸ್ತಿ. ಇಥಿಯೋಪಿಯಾ ನೋಡಿ. ಅಲ್ಲಿನ ಕರೆಂಟಿನ ಬಹುಪಾಲು ಜಲವಿದ್ಯುತ್. ಹೊರಗಿನಿಂದ ಬರುವುದು ಪೆಟ್ರೋಲ್, ಡೀಸೆಲ್. ಇನ್ನೊಂದು ಸೋಲಾರ್ ಪಾರ್ಕ್ ಕಟ್ಟಿದರೆ ಅಷ್ಟಕ್ಕೇ ಆ ಬಿಲ್ ಇಳಿಯುತ್ತದೆಯೇ? ಇಲ್ಲ ಅಲ್ವಾ. 2024ರಲ್ಲಿ ಆ ಸರ್ಕಾರ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನೇ ನಿಲ್ಲಿಸಿತು. ಅಂಥ ಕಡೆ ನಾನು ಹುಡುಕುವುದು ಎಲೆಕ್ಟ್ರಿಕ್ ಬಸ್, ಚಾರ್ಜಿಂಗ್ ಕೇಂದ್ರ, ವಿತರಣಾ ಲೈನುಗಳ ಯೋಜನೆಗಳನ್ನು.

ಪ್ಯಾನೆಲ್‌ಗಳೂ ಚೀನಾದಿಂದಲೇ ಬರಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ತಯಾರಿಕೆಯ ಪ್ರತಿ ಹಂತದಲ್ಲೂ ಶೇ. 80ಕ್ಕಿಂತ ಹೆಚ್ಚು ಪಾಲು ಅವರದೇ. ಆದರೆ ಗ್ಯಾಸ್ ಬರುವುದು ನಿಂತರೆ ಕೆಲವೇ ವಾರಗಳಲ್ಲಿ ಸಂಕಟ. ಪ್ಯಾನೆಲ್ ಬರುವುದು ನಿಂತರೆ ಹೊಸದು ಹಾಕಲಾಗುವುದಿಲ್ಲ, ಅಷ್ಟೇ. ಹಾಕಿದ್ದು 25 ವರ್ಷ ದುಡಿಯುತ್ತಲೇ ಇರುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ನನಗೆ ಹೆಚ್ಚು ಕಲಿಸಿದ್ದು ಲಿಥುವೇನಿಯಾ. ಅದಕ್ಕೆ ಗ್ಯಾಸ್ ಮಾರುತ್ತಿದ್ದುದು ರಷ್ಯಾ ಒಂದೇ. 2014ರಲ್ಲಿ ಕ್ಲೈಪೆಡಾ ಬಂದರಿಗೆ ಎಲ್‌ಎನ್‌ಜಿ (ದ್ರವರೂಪದ ಗ್ಯಾಸ್) ಇಳಿಸಿಕೊಳ್ಳುವ ಹಡಗನ್ನೇ ಟರ್ಮಿನಲ್ ಆಗಿ ತಂದು ನಿಲ್ಲಿಸಿದರು. ಹೆಸರೇ 'ಇಂಡಿಪೆಂಡೆನ್ಸ್'. ತಮಾಷೆ ಏನಂದರೆ, ಹಡಗು ಬಂದು ಸೇರುವ ಮುಂಚೆಯೇ ಹಳೆಯ ಮಾರಾಟಗಾರ ಬೆಲೆ ಇಳಿಸಿದ! ಈ ಉಳಿತಾಯ ಟರ್ಮಿನಲ್‌ನ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ, ಲಾಭ ಹೋದದ್ದು ದೇಶಕ್ಕೆ. ಹಾಗಾಗಿ ಟರ್ಮಿನಲ್, ಟ್ರಾನ್ಸ್‌ಮಿಷನ್ ಲೈನ್‌ಗಳಲ್ಲಿ ಷೇರಿಗಿಂತ ಬಾಂಡ್ (ಬಡ್ಡಿ ಕೊಡುವ ಸಾಲಪತ್ರ) ನನಗೆ ಇಷ್ಟ. ದರ ನಿಯಂತ್ರಕರ ಕೈಯಲ್ಲಿರುತ್ತದೆ, ಆದಾಯ ಸಾಧಾರಣ, ಆದರೆ ನಿದ್ದೆ ಕೆಡುವುದಿಲ್ಲ. 2025ರ ಫೆಬ್ರವರಿಯಲ್ಲಿ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಎಂಬ ಮೂರು ಬಾಲ್ಟಿಕ್ ದೇಶಗಳು ರಷ್ಯಾದ ಗ್ರಿಡ್ ಬಿಟ್ಟು ಯುರೋಪಿನ ಗ್ರಿಡ್‌ಗೆ ಸೇರಿದ್ದೂ ಇಂಥ ಸಪ್ಪೆ ಲೈನುಗಳಿಂದಲೇ.

ಕೊನೆಗೆ ಓದುವುದು ಕರಾರು. ಹಣ ಯಾವ ಕರೆನ್ಸಿಯಲ್ಲಿ? ಕರೆಂಟ್ ಕೊಳ್ಳದಿದ್ದರೂ ಕೊಡಬೇಕೇ? ಪಾಕಿಸ್ತಾನದಲ್ಲಿ ಆಮದು ಕಲ್ಲಿದ್ದಲಿನ ಸ್ಥಾವರಗಳಿಗೆ ಡಾಲರ್ ಲೆಕ್ಕದ ಸಾಮರ್ಥ್ಯ ಶುಲ್ಕ, ಅಂದರೆ ಕರೆಂಟ್ ಕೊಳ್ಳದಿದ್ದರೂ ಕೊಡಬೇಕಾದ ಹಣ, ಬರೆದುಕೊಟ್ಟರು. ಕರೆಂಟ್ ದುಬಾರಿಯಾಯಿತು. ಜನ ಚಾವಣಿಗೆ ಸೋಲಾರ್ ಹಾಕಿಕೊಂಡರು. 2024ರಲ್ಲಿ ಸುಮಾರು 17 ಗಿಗಾವಾಟ್ ಪ್ಯಾನೆಲ್ ಆಮದಾಯಿತು. ಗ್ರಿಡ್‌ನಿಂದ ಕೊಳ್ಳುವುದು ಕಮ್ಮಿಯಾಯಿತು, ಶುಲ್ಕ ಮಾತ್ರ ಹಾಗೇ ಉಳಿಯಿತು. ಹೂಡಿಕೆದಾರನಿಗೆ ಇಂಥ ಕರಾರು ಭದ್ರವೆಂದು ಕಾಣುತ್ತದೆ. ಆದರೆ ಶುಲ್ಕ ಕಟ್ಟಲಾಗದ ದೇಶ ಒಂದು ದಿನ ಮತ್ತೆ ಮಾತುಕತೆಗೆ ಕೂರಿಸುತ್ತದೆ, ಪಾಕಿಸ್ತಾನವೂ ಹಲವು ಕರಾರುಗಳಿಗೆ ಅದನ್ನೇ ಮಾಡಿತು. ಅಂಥವನ್ನು ನಾನು ಮುಟ್ಟುವುದಿಲ್ಲ.