ಕ್ರಿಸ್‌ಮಸ್‌ಗೆ ಮುಂಚೆ ವಂಶಚರಿತ್ರೆಯ ಪುಸ್ತಕ ಮುಗಿಸುವ ಬಗೆ

ವರ್ಷಗಟ್ಟಲೆ ಕೂಡಿಟ್ಟ ಫೋಟೊ, ಪತ್ರ, ರಿಜಿಸ್ಟರ್ ನಕಲು ಎಲ್ಲವೂ ಇದ್ದೂ ಪುಸ್ತಕ ಆಗದೆ ಉಳಿಯುವುದಕ್ಕೆ ಮುಖ್ಯ ಕಾರಣ, ಹುಡುಕಾಟ ನಿಲ್ಲದೇ ಇರುವುದು. ಇನ್ನೊಬ್ಬ ಮುತ್ತಜ್ಜನ ಹೆಸರು ಸಿಕ್ಕಿಬಿಡಲಿ ಎಂದು ಕಾಯುತ್ತ ಕೂತರೆ ವರ್ಷಗಳೇ ಕಳೆದುಹೋಗುತ್ತವೆ. ಡಿಸೆಂಬರ್ 25 ಒಳ್ಳೆಯ ಗಡುವು. ಅದು ಮುಂದಕ್ಕೆ ಹೋಗುವುದಿಲ್ಲ, ಪುಸ್ತಕ ಓದಬೇಕಾದವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಒಟ್ಟಿಗೆ ಸೇರಿರುತ್ತಾರೆ. ತೊಡಕೆಂದರೆ, ಮನೆ ಸಿಂಗರಿಸುವುದು, ಉಡುಗೊರೆ, ಅಡುಗೆ, ನೆಂಟರಿಗೆ ಹಾಸಿಗೆ ಹೊಂದಿಸುವುದು ಎಲ್ಲವೂ ಅದೇ ತಿಂಗಳಿಗೆ ಬಂದು ಬೀಳುತ್ತವೆ.

ಹಾಗಾಗಿ ಕೆಲಸವನ್ನು ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ, ನಾಲ್ಕು ಭಾನುವಾರಗಳಿಗೆ ಕಟ್ಟಿಹಾಕಿ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಂದು ಹುಡುಕಾಟ ಬಂದ್. ಎರಡನೆಯ ಭಾನುವಾರಕ್ಕೆ ಸ್ಕ್ಯಾನಿಂಗ್ ಮತ್ತು ಬರವಣಿಗೆ ಮುಗಿದಿರಬೇಕು, ಮೂರನೆಯದಕ್ಕೆ ತಿದ್ದುಪಡಿ, ನಾಲ್ಕನೆಯದಕ್ಕೆ ಪುಸ್ತಕದ ಹೊಲಿಗೆ. ಈ ನಾಲ್ಕನೆಯ ಭಾನುವಾರ ಕೆಲವು ವರ್ಷ ಡಿಸೆಂಬರ್ 24ಕ್ಕೇ ಬಂದುಬಿಡುತ್ತದೆ. ಅಂಥ ವರ್ಷ ಹೊಲಿಗೆಯನ್ನು ಮೂರು ದಿನ ಮುಂಚೆಯೇ ಮುಗಿಸಿ. ಪ್ರೆಸ್‌ಗೆ ಕೊಡುವುದಾದರೆ ಇಡೀ ಲೆಕ್ಕವನ್ನು ಒಂದು ವಾರವಾದರೂ ಹಿಂದಕ್ಕೆ ಸರಿಸಿ. ಹಬ್ಬದ ಮುಂಚಿನ ವಾರ ಅಲ್ಲೂ ಕೆಲಸ ರಾಶಿ ಬಿದ್ದಿರುತ್ತದೆ.

ಊಟದ ಮೇಜಿನ ಮೇಲೆ ಕಾಗದ ಹರಡಬೇಡಿ. ಮುಚ್ಚಳವಿರುವ ಒಂದು ಪೆಟ್ಟಿಗೆಯಲ್ಲಿ ಎಲ್ಲವನ್ನೂ ಇಟ್ಟು, ದಿನಕ್ಕೆ ಮುಕ್ಕಾಲು ಗಂಟೆ ತೆಗೆದು, ಮತ್ತೆ ಅದರಲ್ಲೇ ಮುಚ್ಚಿಡಿ. ಹಳೆಯ ಫೋಟೊಗಳು ಹಾಳಾಗುವುದು, ಕಳೆದುಹೋಗುವುದು ಹಬ್ಬದ ಗಡಿಬಿಡಿಯಲ್ಲೇ.

ಎಷ್ಟು ಜನ, ಎಷ್ಟು ಪುಟ

ನಾಲ್ಕು ತಲೆಮಾರು ಸಾಕು. ನಿಮಗೆ 1, ತಂದೆಗೆ 2, ತಾಯಿಗೆ 3 ಎಂದು ಸಂಖ್ಯೆ ಕೊಡಿ. ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ತಂದೆಯ ಸಂಖ್ಯೆ, ಅದಕ್ಕೆ ಒಂದು ಸೇರಿಸಿದರೆ ತಾಯಿಯದು. ತಂದೆಯ ತಂದೆ 4, ತಾಯಿಯ ತಾಯಿ 7. ನಾಲ್ಕು ತಲೆಮಾರಿಗೆ ಒಟ್ಟು 15 ಜನ. ಒಬ್ಬೊಬ್ಬರಿಗೆ ಒಂದು ಪುಟ ಬರಹ, ಒಂದು ಪುಟ ಫೋಟೊ ಎಂದರೆ 30 ಪುಟ. ಜೊತೆಗೆ ಹೆಸರಿನ ಪುಟ, ವಂಶವೃಕ್ಷ ಸೇರಿ 32. ಎ4 ಹಾಳೆಯನ್ನು ಮಡಚಿದರೆ ಎ5 ಅಳತೆಯ ನಾಲ್ಕು ಪುಟ ಸಿಗುತ್ತವೆ, ಆದ್ದರಿಂದ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. 32 ಪುಟಕ್ಕೆ ಎಂಟು ಹಾಳೆ.

ಸಿಗದ ಮಾಹಿತಿಯ ಜಾಗದಲ್ಲಿ "ತಿಳಿದಿಲ್ಲ" ಎಂದೇ ಬರೆಯಿರಿ. ಊಹೆ ಬರೆದರೆ ಮುಂದಿನ ತಲೆಮಾರು ಅದನ್ನೇ ನಿಜವೆಂದು ನಕಲು ಮಾಡುತ್ತದೆ. ದಿನಾಂಕಗಳಲ್ಲಿ ಎರಡು ತಪ್ಪು ಪದೇ ಪದೇ ನುಸುಳುತ್ತವೆ. ಒಂದು, ಚರ್ಚ್ ರಿಜಿಸ್ಟರಿನ ಜ್ಞಾನಸ್ನಾನದ ದಿನವನ್ನೇ ಹುಟ್ಟಿದ ದಿನವೆಂದು ಬರೆದುಬಿಡುವುದು. ಎರಡರ ನಡುವೆ ವಾರಗಳೂ ಇರಬಹುದು, ವರ್ಷಗಳೂ ಇರಬಹುದು. ಇನ್ನೊಂದು, ವಯಸ್ಸಿನಿಂದ ಹುಟ್ಟಿದ ವರ್ಷ ಕಳೆದು ತೆಗೆಯುವುದು. 1901ರಲ್ಲಿ 45 ವರ್ಷ ಎಂದಿದ್ದರೆ ಹುಟ್ಟಿದ್ದು 1855 ಅಥವಾ 1856. ಆಗ "ಸುಮಾರು 1856" ಎಂದು ಬರೆಯಿರಿ. ಪ್ರತಿ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಮಾಹಿತಿ ಎಲ್ಲಿಂದ ಬಂತು ಎಂಬ ಒಂದು ಸಾಲು ಇರಲಿ: ಯಾವ ರಿಜಿಸ್ಟರ್, ಯಾವ ಪತ್ರ, ಯಾರು ಹೇಳಿದ್ದು.

ಫೋಟೊಗಳು

ಕೈಗೆ ಸಿಕ್ಕ ಎಲ್ಲವನ್ನೂ ಸ್ಕ್ಯಾನ್ ಮಾಡಲು ಹೊರಟರೆ ಎರಡನೆಯ ಭಾನುವಾರ ತಪ್ಪುವುದು ಖಂಡಿತ. ಒಬ್ಬರಿಗೆ ಎರಡು ಎಂದು ಮೊದಲೇ ಆರಿಸಿ. ಸಾಮಾನ್ಯ ಅಳತೆಯ ಪ್ರಿಂಟ್‌ಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಸಾಕು. ಮುದ್ರಣಕ್ಕೆ 300 ಬೇಕಾಗುವುದರಿಂದ ಎರಡು ಪಟ್ಟು ದೊಡ್ಡದು ಮಾಡಿದರೂ ಚಿತ್ರ ಒಡೆಯುವುದಿಲ್ಲ. ಎರಡು ಇಂಚಿನ ಪುಟ್ಟ ಫೋಟೊಗೆ 1200 ಇಡಿ. ಮೂಲವನ್ನು ಗುಣ ಇಳಿಯದ ಟಿಫ್ ಫೈಲ್ ಆಗಿ ಉಳಿಸಿ, ಪುಸ್ತಕಕ್ಕೆ ಜೆಪೆಗ್ ನಕಲು ಬಳಸಿ, ಏಕೆಂದರೆ ಜೆಪೆಗ್ ಅನ್ನು ತಿದ್ದಿ ಉಳಿಸಿದಷ್ಟೂ ಚಿತ್ರದ ಗುಣ ಇಳಿಯುತ್ತದೆ. ಆಲ್ಬಮ್‌ಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಯ ಬರಹವನ್ನೂ ಬಿಡಬೇಡಿ. ಹೊಸದಾಗಿ ಏನಾದರೂ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಗೆ ಉಬ್ಬಿ ಕಾಣುತ್ತದೆ.

ಅಡಿಬರಹದಲ್ಲಿ "ಅಜ್ಜಿ", "ದೊಡ್ಡಪ್ಪ" ಎಂದಷ್ಟೇ ಬರೆಯಬೇಡಿ. ನಿಮಗೆ ದೊಡ್ಡಪ್ಪನಾದವರು ನಿಮ್ಮ ಮಕ್ಕಳಿಗೆ ಅಜ್ಜ. ಪೂರ್ತಿ ಹೆಸರು, ವಂಶವೃಕ್ಷದ ಸಂಖ್ಯೆ, ಗುಂಪು ಚಿತ್ರವಾದರೆ "ಹಿಂದಿನ ಸಾಲು, ಎಡದಿಂದ ಬಲಕ್ಕೆ" ಎಂಬ ಕ್ರಮ, ಇಷ್ಟು ಬೇಕೇ ಬೇಕು. ಗುರುತು ಸಿಗದವರನ್ನೂ ಲೆಕ್ಕಕ್ಕೆ ಸೇರಿಸಿ.

ಮುದ್ರಣಕ್ಕೆ ಮುಂಚೆ

ಎಲ್ಲರೆದುರು ಬಿಚ್ಚುವ ಉಡುಗೊರೆಯಲ್ಲಿ ಯಾರಿಗೂ ಆಘಾತ ಕಾದಿರಬಾರದು. ದತ್ತು, ಮುರಿದ ಮದುವೆ, ಕಾಯಿಲೆಯಂಥ ವಿಷಯವಿದ್ದರೆ ಆ ಪುಟವನ್ನು ಸಂಬಂಧಪಟ್ಟವರಿಗೆ ಮೊದಲೇ ತೋರಿಸಿ, ಬೇಡ ಎಂದರೆ ತೆಗೆಯಿರಿ. ಬದುಕಿರುವವರ ಪೂರ್ತಿ ಹುಟ್ಟಿದ ದಿನಾಂಕ, ವಿಳಾಸ ಹಾಕಬೇಡಿ. ಕರಡನ್ನು ಇಬ್ಬರಿಗೆ ಕೊಡಿ: ತಂದೆಯ ಕಡೆಯವರೊಬ್ಬರು, ತಾಯಿಯ ಕಡೆಯವರೊಬ್ಬರು. ನಾಲ್ಕು ದಿನ ಗಡುವು ಸಾಕು.

ಹಳೆಯ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹವಿದ್ದರೆ ಯೂನಿಕೋಡ್‌ಗೆ ಬದಲಿಸಿ. ಪಿಡಿಎಫ್ ಮಾಡುವಾಗ ಫಾಂಟ್ ಒಳಗೇ ಸೇರುವಂತೆ ನೋಡಿಕೊಂಡು, ಬೇರೊಬ್ಬರ ಫೋನಿನಲ್ಲಿ ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನೋಡಿ.

ಮಡಿಕೆ, ಹೊಲಿಗೆ

ಒಳಪುಟಕ್ಕೆ 100ರಿಂದ 120 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾಗದ ಬಳಸಿ. ಅದಕ್ಕಿಂತ ತೆಳುವಾದರೆ ಫೋಟೊ ಹಿಂಬದಿಗೆ ಹಾಯ್ದು ಕಾಣುತ್ತದೆ. ರಕ್ಷಾಪುಟಕ್ಕೆ 220 ಜಿಎಸ್ಎಂ. ಪ್ರಿಂಟರಿನಲ್ಲಿ ಬುಕ್‌ಲೆಟ್ ಆಯ್ಕೆ ಮಾಡಿ, ಎರಡೂ ಬದಿ ಮುದ್ರಿಸುವಾಗ ಕಿರಿಯ ಅಂಚಿನ ಮೇಲೆ ತಿರುಗುವಂತೆ ಇಡಿ. ಇಲ್ಲವಾದರೆ ಹಿಂಬದಿ ತಲೆಕೆಳಗಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆದು ಪುಟಸಂಖ್ಯೆ ನೋಡಿ. ಇಂಕ್‌ಜೆಟ್ ಆಗಿದ್ದರೆ ಹಾಳೆಗಳನ್ನು ಒಂದು ರಾತ್ರಿ ಆರಲು ಬಿಟ್ಟು ಆಮೇಲೆ ಮಡಚಿ.

ರಕ್ಷಾಪುಟವನ್ನು ಹಾಗೇ ಮಡಚಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಸ್ಕೇಲ್ ಇಟ್ಟು, ಚಾಕುವಿನ ಮೊಂಡು ಬೆನ್ನಿನಿಂದ ಗೆರೆ ಒತ್ತಿ, ನಂತರ ಮಡಚಿ. ಸಾಮಾನ್ಯ ಸ್ಟೇಪ್ಲರ್ ಪುಸ್ತಕದ ನಡುವಿನವರೆಗೆ ತಲುಪುವುದಿಲ್ಲ, ಹಾಗಾಗಿ ದಾರವೇ ಸುಲಭ. 21 ಸೆಂ.ಮೀ. ಉದ್ದದ ಮಡಿಕೆಯಲ್ಲಿ ಮೇಲಿನಿಂದ 3, 10.5 ಮತ್ತು 18 ಸೆಂ.ಮೀ.ಗೆ ಮೂರು ತೂತು ಮಾಡಿ. ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಗಟ್ಟಿ ದಾರ ತೆಗೆದುಕೊಳ್ಳಿ. ಒಳಗಿನಿಂದ ನಡುತೂತಿನಲ್ಲಿ ಹೊರಗೆ ಹೋಗಿ, ಮೇಲಿನ ತೂತಿನಲ್ಲಿ ಒಳಗೆ ಬನ್ನಿ. ಒಳಗೇ ನೇರ ಕೆಳಗಿಳಿದು ಕೆಳತೂತಿನಲ್ಲಿ ಹೊರಗೆ, ಮತ್ತೆ ನಡುತೂತಿನಲ್ಲಿ ಒಳಗೆ. ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಆಚೆಗೊಂದು ಈಚೆಗೊಂದು ಇರಬೇಕು. ಆ ಹೊಲಿಗೆಯನ್ನು ನಡುವೆ ಸೇರಿಸಿ ತುದಿಗಳಿಗೆ ಎರಡು ಗಂಟು ಹಾಕಿ. ದಾರವನ್ನು ಮಡಿಕೆಗೆ ಸಮಾನಾಂತರವಾಗಿ ಎಳೆಯಿರಿ. ಅಡ್ಡಕ್ಕೆ ಎಳೆದರೆ ತೂತು ಹರಿಯುತ್ತದೆ. ಎಂಟು ಹಾಳೆ ಸೇರಿದಾಗ ಒಳಹಾಳೆಗಳು ಒಂದೆರಡು ಮಿಲಿಮೀಟರ್ ಹೊರಚಾಚುತ್ತವೆ. ಹೊರ ಅಂಚನ್ನು ಸಮವಾಗಿ ಕತ್ತರಿಸಲು 15 ಮಿ.ಮೀ. ಖಾಲಿ ಜಾಗ ಮೊದಲೇ ಬಿಟ್ಟಿರಿ.

ಒಂದು ಪ್ರತಿಯನ್ನು ಯಾರಿಗೂ ಕೊಡದೆ, ಪೆನ್ಸಿಲ್ ಜೊತೆ ಎಲ್ಲರ ಕೈಗೆಟುಕುವಲ್ಲಿ ಇಡಿ. ಹಬ್ಬದ ದಿನ ಹಿರಿಯರು ಗುರುತಿಸುವ ಮುಖ, ತಿದ್ದುವ ಹೆಸರು ಅದರಲ್ಲೇ ದಾಖಲಾಗಲಿ. ಪ್ರತಿ ತಿದ್ದುಪಡಿಯ ಪಕ್ಕ ಹೇಳಿದವರ ಹೆಸರು, ದಿನಾಂಕ ಇರಲಿ. ಎರಡನೆಯ ಮುದ್ರಣಕ್ಕೆ ಆ ಪ್ರತಿಯೇ ಕರಡು.