ಹೆಬ್ಬೇವು: ಬೀಜದಿಂದ ಸಸಿ ಮಾಡುವುದು ಹೇಗೆ?

ಹೆಬ್ಬೇವು ಬೆಳೆಯುವುದು ಬೇಗ, ಆದರೆ ಬೀಜ ಮೊಳೆಯುವುದು ತುಂಬಾ ನಿಧಾನ. ಜನವರಿ, ಫೆಬ್ರವರಿಯಲ್ಲಿ ಹಳದಿ ತಿರುಗಿದ ಹಣ್ಣು ಆರಿಸಿ, ನೀರಲ್ಲಿ ನೆನೆಹಾಕಿ, ಸಿಪ್ಪೆ ತಿರುಳೆಲ್ಲ ಉಜ್ಜಿ ತೆಗೆದು, ತೇಲುವ ಗೊರಟೆ ಎಸೆದು ಉಳಿದದ್ದನ್ನು ಒಣಗಿಸಿ. ಗೊರಟೆ ಕಲ್ಲಿನಷ್ಟು ಗಟ್ಟಿ, ಅದಕ್ಕೇ ಸಗಣಿ ಬಗ್ಗಡದಲ್ಲಿ ಒಂದು ವಾರ ನೆನೆಸಬೇಕು.

ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಬಯಲಲ್ಲೇ ಏರುಮಡಿ ಮಾಡಿ ಬಿತ್ತಿ. ನೆರಳು ಬೇಡ, ಇದಕ್ಕೆ ಬಿಸಿಲೇ ಬೇಕು. ದಿನಾ ನೀರು ಹಾಕಿ. ಮೊಳಕೆಗೆ ಒಂದರಿಂದ ಮೂರು ತಿಂಗಳು ಬೇಕಾಗಬಹುದು, ಸುಮ್ನೆ ಕೆದಕಿ ನೋಡಬೇಡಿ. ಎಲ್ಲವೂ ಹುಟ್ಟಲ್ಲ, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿಯೇ ಬಿತ್ತಿ. ಒಂದೇ ಗೊರಟೆಯಿಂದ ಎರಡು ಮೂರು ಸಸಿ ಬಂದರೆ ಬೇರು ಹರಿಯದಂತೆ ಬಿಡಿಸಿ, ಬೇರೆ ಬೇರೆ ಪಾಲಿಥೀನ್ ಚೀಲಕ್ಕೆ ಹಾಕಿ. ಮಳೆ ಹಿಡಿದ ಮೇಲೆ ಹೊಲಕ್ಕೆ ನೆಡಿ. ನೀರು ನಿಲ್ಲುವ ಜಾಗ ಬೇಡ. ಪ್ಲೈವುಡ್‌ಗೆ ಮಾರುವುದಾದರೆ ಪಕ್ಕದ ಕೊಂಬೆಗಳನ್ನು ಎಳೆಯದರಲ್ಲೇ ಸವರಿ.