ನಾಲ್ಕು ಸಾವಿರ ಸ್ಲೈಡಿಗೆ ಯಾವ ಸ್ಕ್ಯಾನರ್?

ಅಪ್ಪ ಕೊಪ್ಪಳದಲ್ಲಿ ಇತಿಹಾಸದ ಮೇಷ್ಟ್ರು. ಇಟಗಿ, ಕುಕನೂರು, ಹಿರೇಬೆಣಕಲ್ ಅಂತ ಸುತ್ತಿ ತೆಗೆದ 35 ಮಿ.ಮೀ. ಸ್ಲೈಡುಗಳು (ಚೌಕಟ್ಟಿಗೆ ಕೂಡಿಸಿದ ಫಿಲ್ಮಿನ ತುಣುಕುಗಳು) ಸುಮಾರು 4,000 ಇದ್ದವು. ಅವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಸ್ಕ್ಯಾನರ್ ಅಂದ ಕೂಡಲೇ ಎಲ್ಲರೂ ಕೇಳುವುದು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅಂತ. ಸ್ಲೈಡಿನ ಚಿತ್ರ 36×24 ಮಿ.ಮೀ.; 4000 ಡಿಪಿಐನಲ್ಲಿ ಸುಮಾರು 21 ಮೆಗಾಪಿಕ್ಸೆಲ್ ಬರುತ್ತದೆ, ಸಾಕು. ಅದಕ್ಕೂ ಮೇಲೆ ಹೋದರೆ ಫಿಲ್ಮಿನ ಗ್ರೇನ್ (ಸಣ್ಣ ಕಾಳುಕಾಳು) ಕಾಣುತ್ತದೆ, ಹಾರ್ಡ್‌ಡಿಸ್ಕ್ ಸುಮ್ನೆ ತುಂಬುತ್ತದೆ. ನಾನು ಲೆಕ್ಕ ಹಾಕಿದ್ದು ಹೊತ್ತಿನದು. ಸ್ಲೈಡಿಗೆ ಮೂರು ನಿಮಿಷ ಹಿಡಿದರೂ 200 ಗಂಟೆ!

ಎಪ್ಸನ್ ವಿ600 ಸ್ಕ್ಯಾನರಿನಲ್ಲಿ ಒಮ್ಮೆಗೆ ನಾಲ್ಕು ಸ್ಲೈಡ್, ವಿ850ರಲ್ಲಿ ಹನ್ನೆರಡು. ಪ್ಲಸ್ಟೆಕ್ 8200ಐಗೆ ಒಂದೊಂದನ್ನೇ ಕೈಯಿಂದ ತಳ್ಳುತ್ತಾ ಕೂರಬೇಕು. ನಿಕಾನ್ ಕೂಲ್‌ಸ್ಕ್ಯಾನ್ 5000ಕ್ಕೆ 50 ಸ್ಲೈಡ್ ನುಂಗುವ ಫೀಡರ್ ಇದೆ, ಆಸೆಯಾಯಿತು. ಆದರೆ ತಯಾರಿಕೆ ಎಂದೋ ನಿಂತಿದೆ. ಸೆಕೆಂಡ್ ಹ್ಯಾಂಡ್ ತಂದು ಕೆಟ್ಟರೆ ಕೊಪ್ಪಳದಲ್ಲಿ ಯಾರ ಹತ್ತಿರ ಒಯ್ಯೋದು? ಉಬ್ಬಿದ ರಟ್ಟಿನ ಚೌಕಟ್ಟುಗಳು ಫೀಡರಿನಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ.

ಕೊನೆಗೆ ಮನೆಯಲ್ಲಿದ್ದ 24 ಮೆಗಾಪಿಕ್ಸೆಲ್ ಕ್ಯಾಮೆರಾಗೇ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿದೆ. ಕೆಳಗೆ ಎಲ್‌ಇಡಿ ಪ್ಯಾನಲ್, ನಡುವೆ ಸ್ಲೈಡ್, ಮೇಲೆ ಸ್ಟ್ಯಾಂಡಿಗೆ ಬಿಗಿದ ಕ್ಯಾಮೆರಾ. ಪ್ಯಾನಲ್ಲಿನ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ, ಗರಿಷ್ಠ 100) 95ಕ್ಕಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಬಣ್ಣ ಕೆಡುತ್ತದೆ. ಒಮ್ಮೆ ಫೋಕಸ್ ಕೂಡಿಸಿಕೊಂಡರೆ ಸ್ಲೈಡಿಗೆ ಕೆಲವೇ ಸೆಕೆಂಡು.

ತೊಂದರೆ ಇರುವುದು ಧೂಳಿನದು. ಪ್ಲಸ್ಟೆಕ್‌ನಂಥ ಸ್ಕ್ಯಾನರುಗಳು ಇನ್‌ಫ್ರಾರೆಡ್ ಬೆಳಕಿನಿಂದ ಧೂಳನ್ನೂ ಗೀರನ್ನೂ ಗುರುತಿಸಿ ತಾವೇ ಅಳಿಸುತ್ತವೆ. ಕ್ಯಾಮೆರಾಗೆ ಆ ವಿದ್ಯೆ ಇಲ್ಲ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿಯೇ ಆ ಬೆಳಕನ್ನು ತಡೆಯುವುದರಿಂದ ಅಲ್ಲಿ ಸ್ಕ್ಯಾನರಿಗೂ ಆಗದು. ಕೊಡಾಕ್ ಕಂಪನಿಯ ಹಳೆಯ ಕಲರ್ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಮೇಲೂ ಭರವಸೆ ಇಲ್ಲ. ನಮ್ಮೂರ ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಧೂಳು, ಹಾಕದಿದ್ದರೆ ಬೆವರು. ಬೆಳಗಿನ ಜಾವವೇ ಕೂತು, ರಬ್ಬರ್ ಬ್ಲೋವರಿನಿಂದ ಎರಡೂ ಕಡೆ ಊದಿ, ಅಂಚು ಮಾತ್ರ ಹಿಡಿದು ಇಡುತ್ತಿದ್ದೆ. ಗೀರು ಬಿದ್ದ ಕಲರ್ ಸ್ಲೈಡುಗಳನ್ನು ಬೇರೆ ತೆಗೆದಿಟ್ಟು, ಗೆಳೆಯರ ಪ್ಲಸ್ಟೆಕ್ ತಂದು ಸ್ಕ್ಯಾನ್ ಮಾಡಿದೆ.

ಸ್ಲೈಡ್ ತಿರುವುಮುರುವಾಗಿದೆಯೋ ಅಂತ ನೋಡಲು ನನಗೆ ಶಾಸನಗಳೇ ನೆರವಾದವು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇಗುಲದ ಶಾಸನದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಬಂದರೆ ಸ್ಲೈಡ್ ತಿರುಗಿಸಬೇಕು. ಬರಹವೇ ಇಲ್ಲದ ಹಿರೇಬೆಣಕಲ್‌ನ ಬೃಹತ್ ಶಿಲಾಯುಗದ ಕಲ್ಲುಗಳಿಗೆ ಮಂಕಾಗಿರುವ ಬದಿ, ಅಂದರೆ ಎಮಲ್ಷನ್ (ಚಿತ್ರ ಮೂಡಿರುವ ಲೇಪ) ಯಾವ ಕಡೆ ಇದೆ ಅಂತ ಓರೆ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಅಪ್ಪ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದನ್ನೂ ಮೊಬೈಲಿನಲ್ಲಿ ತೆಗೆದು, ಅದೇ ನಂಬರಿನ ಫೈಲಿಗೆ ಸೇರಿಸಿಟ್ಟೆ.